ಮುಂಬೈ–ಮಂಗಳೂರು: 710 ಕಿಲೋಮೀಟರ್ ಹಾರಲು ಅರ್ಧ ದಿನ ಯಾಕೆ ಬೇಕು?

ಮುಂಬೈಯಿಂದ ಮಂಗಳೂರಿಗೆ ಎಷ್ಟು ದೂರ ಎಂದು ಫೋನಿನಲ್ಲಿ ಹುಡುಕಿ ನೋಡಿ. ಒಂದು ಕಡೆ ಸುಮಾರು 710 ಕಿ.ಮೀ. ಎಂದಿರುತ್ತದೆ. ಇನ್ನೊಂದು ಕಡೆ 900. ಮತ್ತೊಂದು ಕಡೆ 950. ಮೂರೂ ಸರಿಯೇ. ಮೊದಲನೆಯದು ಆಕಾಶದ ದೂರ. ಎರಡನೆಯದು ಕೊಂಕಣದ ಮೇಲೆ ಹೋಗುವ ರಸ್ತೆ. ಮೂರನೆಯದು ಪುಣೆ, ಬೆಳಗಾವಿ, ಹುಬ್ಬಳ್ಳಿ ಸುತ್ತಿ ಅಂಕೋಲಾಕ್ಕೆ ಇಳಿಯುವ ರಸ್ತೆ. ಇದರ ಕೆಳಗೆ, ವಿಮಾನದಲ್ಲಿ ಒಂದು ಗಂಟೆಗಿಂತಲೂ ಕಡಿಮೆ ಸಾಕು ಎಂಬ ಸಾಲೂ ಹಲವು ಕಡೆ ಕಾಣಿಸುತ್ತದೆ. ಆ ಸಾಲನ್ನು ನಂಬಿ ಮಾತ್ರ ಯಾರೂ ಊರಿಗೆ ಹೊರಡಬೇಡಿ.

ಡೊಂಬಿವಲಿ, ಠಾಣೆ, ಚೆಂಬೂರು, ಸಯನ್, ಬೊರಿವಲಿ, ಮೀರಾ ರೋಡ್ ಕಡೆ ನೆಲೆಸಿರುವ ಕರಾವಳಿಯವರಿಗೆ ಈ ಪ್ರಶ್ನೆ ವರ್ಷಕ್ಕೆ ಎರಡು ಮೂರು ಸಲ ಎದುರಾಗುತ್ತದೆ. ಚೌತಿ ಬಂತು, ಮನೆಯಲ್ಲಿ ಕೋಲ ಇದೆ, ತಂಗಿಯ ಮದುವೆ, ಅಮ್ಮನಿಗೆ ಹುಷಾರಿಲ್ಲ. ಬಸ್ಸೋ, ರೈಲೋ, ವಿಮಾನವೋ? 2025ರ ಡಿಸೆಂಬರ್ 25ರಿಂದ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ವಿಮಾನವಾದರೆ ಯಾವ ಏರ್‌ಪೋರ್ಟ್? ಅಂಧೇರಿ ಕಡೆಯ ಹಳೆಯದೋ, ನವಿ ಮುಂಬೈಯ ಹೊಸತೋ?

ನನ್ನ ಮಟ್ಟಿಗೆ ಉತ್ತರ ಇರುವುದು ಎರಡೂ ಊರಿನ ನೆಲದ ಮೇಲೆ. ನಡುವಿನ ಆಕಾಶ ಎಲ್ಲರಿಗೂ ಒಂದೇ. ಮನೆಯಿಂದ ಏರ್‌ಪೋರ್ಟ್‌ವರೆಗೆ, ಆ ಕಡೆಯ ಏರ್‌ಪೋರ್ಟ್‌ನಿಂದ ಊರಿನ ಮನೆಯವರೆಗೆ ಇರುವ ಹಾದಿಯೇ ಒಬ್ಬರಿಗೆ ಐದು ಗಂಟೆ, ಇನ್ನೊಬ್ಬರಿಗೆ ಎಂಟು ಗಂಟೆ ಮಾಡುವುದು.

ಆಕಾಶದ ಲೆಕ್ಕ

ಮೊದಲು ಆ 710 ಎಲ್ಲಿಂದ ಬಂತು ನೋಡೋಣ. ಶಾಲೆಯ ಗಣಿತ ಸಾಕು. ಮುಂಬೈ ಏರ್‌ಪೋರ್ಟ್ 19 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಸ್ವಲ್ಪ ಮೇಲಿದೆ. ಮಂಗಳೂರಿನ ಏರ್‌ಪೋರ್ಟ್ ಇರುವ ಬಜ್ಪೆ 13 ಡಿಗ್ರಿಗಿಂತ ಕೂದಲೆಳೆಯಷ್ಟು ಕೆಳಗಿದೆ. ವ್ಯತ್ಯಾಸ ಸುಮಾರು 6.1 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಅಂದರೆ ಉತ್ತರದಿಂದ ದಕ್ಷಿಣಕ್ಕೆ 680 ಕಿ.ಮೀ. ಆಯಿತು. ಮಂಗಳೂರು ಮುಂಬೈಗಿಂತ ಎರಡು ಡಿಗ್ರಿ ಪೂರ್ವಕ್ಕೂ ಇದೆ. ಅದು ಸುಮಾರು 215 ಕಿ.ಮೀ. ಈ ಎರಡನ್ನೂ ಲಂಬಕೋನ ತ್ರಿಕೋನದ ಎರಡು ಬದಿ ಎಂದುಕೊಂಡು ಕರ್ಣ ಕಂಡುಹಿಡಿದರೆ 713 ಬರುತ್ತದೆ. ದೂರ ತೋರಿಸುವ ಪುಟಗಳು ಭೂಮಿಯ ಉಬ್ಬನ್ನೂ ಸೇರಿಸಿ ಇನ್ನಷ್ಟು ನಿಖರವಾಗಿ ಮಾಡುತ್ತವೆ. ಆದರೆ ಇಷ್ಟು ಹತ್ತಿರದ ಊರುಗಳಿಗೆ ಹೆಚ್ಚು ಫರಕು ಬೀಳುವುದಿಲ್ಲ.

ಆಮೇಲೆ ಅವು ಈ ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸುತ್ತವೆ. 53 ನಿಮಿಷ ಬರುತ್ತದೆ. ಎಡವಟ್ಟಾಗುವುದು ಇಲ್ಲೇ. ಜೆಟ್ ವಿಮಾನ ಆ ವೇಗದಲ್ಲಿ ಹೋಗುವುದು ಮೇಲೆ ಏರಿ ನೇರವಾದ ಮೇಲೆ ಮಾತ್ರ. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. 700 ಕಿ.ಮೀ.ಯಂಥ ಚಿಕ್ಕ ಹಾದಿಯಲ್ಲಿ ಏರುವುದಕ್ಕೂ ಇಳಿಯುವುದಕ್ಕೂ ದೊಡ್ಡ ಪಾಲು ಹೋಗುತ್ತದೆ. ವಿಮಾನಗಳು ನೇರ ಗೆರೆ ಎಳೆದಂತೆ ಹೋಗುವುದೂ ಇಲ್ಲ. ಗೊತ್ತುಮಾಡಿದ ದಾರಿಗಳಲ್ಲಿ, ಕಂಟ್ರೋಲ್‌ನವರು ಹೇಳಿದಂತೆ ಹೋಗಬೇಕು. ಮುಂಬೈಯಲ್ಲಿ ಸಾಮಾನ್ಯವಾಗಿ ಪಶ್ಚಿಮಕ್ಕೆ ಮುಖಮಾಡಿ ಸಮುದ್ರದ ಮೇಲೆ ಏರುತ್ತವೆ. ದಕ್ಷಿಣಕ್ಕೆ ತಿರುಗುವುದು ಆಮೇಲೆ.

ಅದಕ್ಕೇ ಟಿಕೆಟ್‌ನಲ್ಲಿ ಒಂದೂವರೆ ಗಂಟೆ, ಅದಕ್ಕಿಂತ ಸ್ವಲ್ಪ ಜಾಸ್ತಿಯೂ ಇರುತ್ತದೆ. ಈ ಸಮಯವನ್ನು ವಿಮಾನ ತನ್ನ ಜಾಗ ಬಿಟ್ಟು ಅಲುಗಿದ ಹೊತ್ತಿನಿಂದ ಎಣಿಸುತ್ತಾರೆ. ಇಳಿದು ನಿಲ್ಲುವ ಜಾಗಕ್ಕೆ ಬಂದಾಗ ಲೆಕ್ಕ ಮುಗಿಯುತ್ತದೆ. ರನ್‌ವೇ ಸರದಿಯಲ್ಲಿ ಕಾಯುವುದೂ ಇದರೊಳಗೇ ಬಂತು. ಮುಂಬೈಯಲ್ಲಿ ಆ ಕಾಯುವಿಕೆ ಸಣ್ಣದಲ್ಲ. ಹಳೆಯ ಏರ್‌ಪೋರ್ಟ್‌ನಲ್ಲಿ ಎರಡು ರನ್‌ವೇ ಇವೆ, ನಿಜ. ಆದರೆ ಅವು ಒಂದನ್ನೊಂದು ಕತ್ತರಿಸಿ ಹೋಗುತ್ತವೆ. ಎರಡನ್ನೂ ಒಟ್ಟಿಗೆ ಬಳಸಲು ಆಗುವುದಿಲ್ಲ. ಇಷ್ಟು ದೊಡ್ಡ ನಗರದ ಏರುವಿಕೆ, ಇಳಿಯುವಿಕೆ ಎಲ್ಲವೂ ಒಂದು ಸಲಕ್ಕೆ ಒಂದೇ ರನ್‌ವೇ ಮೇಲೆ ನಡೆಯಬೇಕು. ಊರಿನಿಂದ ವಾಪಸ್ ಬರುವಾಗ ವಿಮಾನ ಆಕಾಶದಲ್ಲೇ ಸುತ್ತು ಹಾಕುವುದನ್ನು ಕಿಟಕಿ ಪಕ್ಕ ಕೂತವರು ಎಷ್ಟೋ ಸಲ ಕಂಡಿರುತ್ತಾರೆ. ಕಾರಣ ಇದೇ. ವಿಮಾನ ಕಂಪನಿಗಳಿಗೂ ಇದು ಗೊತ್ತು. ಹಾಗಾಗಿ ವೇಳಾಪಟ್ಟಿಯಲ್ಲೇ ಒಂದಿಷ್ಟು ನಿಮಿಷ ಜಾಸ್ತಿ ಹಾಕಿಟ್ಟಿರುತ್ತವೆ. ನಮ್ಮ ದೇಶದ ಲೆಕ್ಕದಲ್ಲಿ 15 ನಿಮಿಷದೊಳಗಿನ ತಡ ತಡವೇ ಅಲ್ಲ.

ದೂರ ಜಾಸ್ತಿ, ಹೊತ್ತು ಕಡಿಮೆ

ಇನ್ನು ರಸ್ತೆ. ಕೊಂಕಣದ ರಾಷ್ಟ್ರೀಯ ಹೆದ್ದಾರಿ 66 ಪನ್ವೇಲ್‌ನಲ್ಲಿ ಶುರುವಾಗಿ ಮಹಾಡ್, ಚಿಪಳೂಣ್, ಸಾವಂತವಾಡಿ, ಗೋವಾ, ಕಾರವಾರ, ಕುಂದಾಪುರ, ಉಡುಪಿ ದಾಟಿ ಮಂಗಳೂರಿಗೆ ಬರುತ್ತದೆ. ಹಳಬರು ಈಗಲೂ ಹೈವೇ 17 ಎಂದೇ ಹೇಳುತ್ತಾರೆ. ನಕ್ಷೆಯಲ್ಲಿ ನೋಡಿದರೆ ಇದೇ ಹತ್ತಿರದ ದಾರಿ. ಆದರೂ ಮುಂಬೈಯಿಂದ ಉಡುಪಿ, ಮಂಗಳೂರಿಗೆ ಹೋಗುವ ಬಸ್ಸುಗಳು ಬಹಳ ಕಾಲದಿಂದ ಪುಣೆ, ಕೊಲ್ಹಾಪುರ, ಹುಬ್ಬಳ್ಳಿ ಮೇಲೆ ಹೋಗುತ್ತವೆ. ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟಿ ಇಳಿದು ಅಂಕೋಲಾ ಸೇರುತ್ತವೆ. 50 ಕಿ.ಮೀ.ಯಷ್ಟು ಸುತ್ತು. ಡೀಸೆಲ್ ಜಾಸ್ತಿ, ಟೋಲ್ ಜಾಸ್ತಿ. ಸುಮ್ನೆ ಯಾರೂ ಹಾಗೆ ಸುತ್ತುವುದಿಲ್ಲ ಅಲ್ವಾ?

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ 2002ರಲ್ಲೇ ಪೂರ್ತಿಯಾಯಿತು. 94.5 ಕಿ.ಮೀ. ಉದ್ದ, ಎದುರಿನಿಂದ ಗಾಡಿ ಬರುವ ಭಯವಿಲ್ಲ. ಪುಣೆಯಿಂದ ಹುಬ್ಬಳ್ಳಿವರೆಗೂ ನಡುವೆ ಡಿವೈಡರ್ ಇರುವ ದೊಡ್ಡ ರಸ್ತೆ. ರಾತ್ರಿಯಿಡೀ ಒಂದೇ ಹದದಲ್ಲಿ ಓಡಿಸಬಹುದು. ಖಂಡಾಲಾ ಘಾಟಿಯಲ್ಲಿ ಜಾಮ್ ಆಗುತ್ತದೆ, ಸಾತಾರಾ ಹತ್ತಿರ ಖಂಬಾಟ್ಕಿ ಘಾಟಿಯಲ್ಲಿ ಲಾರಿಗಳು ಏದುಸಿರು ಬಿಡುತ್ತವೆ. ಆದರೂ ಹೊತ್ತಿನ ಅಂದಾಜು ಸಿಗುತ್ತದೆ.

ಕೊಂಕಣದ ರಸ್ತೆಗೆ ಆ ಭರವಸೆ ಇರಲಿಲ್ಲ. ಪನ್ವೇಲ್‌ನಿಂದ ಇಂದಾಪುರದವರೆಗಿನ 84 ಕಿ.ಮೀ. ಅಗಲ ಮಾಡುವ ಕೆಲಸ 2011ರಲ್ಲಿ ಶುರುವಾಯಿತು. ದಶಕ ಕಳೆದರೂ ಮುಗಿಯಲಿಲ್ಲ. ಹೊಂಡಗಳ ವಿಷಯ ಬಾಂಬೆ ಹೈಕೋರ್ಟ್‌ವರೆಗೆ ಹೋಯಿತು. ಪ್ರತಿ ವರ್ಷ ಗಣಪತಿ ಹಬ್ಬಕ್ಕೆ ಮೊದಲು ಮಂತ್ರಿಗಳು ರಸ್ತೆ ನೋಡಲು ಬರುತ್ತಾರೆ, ಗಡುವು ಹೇಳುತ್ತಾರೆ, ಗಡುವು ದಾಟುತ್ತದೆ. ಪೋಲಾದಪುರ ಮತ್ತು ಖೇಡ್ ನಡುವಿನ ಕಶೇಡಿ ಸುರಂಗ ಬಂದ ಮೇಲೆ ಒಂದು ಘಾಟಿಯ ತಿರುವುಗಳು ತಪ್ಪಿವೆ. ಅದು ದೊಡ್ಡ ಸಮಾಧಾನವೇ. ಆದರೆ ಒಂದು ತುಂಡು ಚೆನ್ನಾಗಿದ್ದು ಮುಂದಿನ ತುಂಡು ಕೆಟ್ಟಿದ್ದರೆ ಬಸ್ಸಿನವರು ವೇಳಾಪಟ್ಟಿ ಹೇಗೆ ಹಾಕಬೇಕು?

ತಡವಾಗುವುದು ಒಂದು ಕಷ್ಟ. ಜೀವ ಹೋಗುವುದು ಬೇರೆಯೇ ಮಾತು. 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಹತ್ತಿರ ಸಾವಿತ್ರಿ ನದಿಯ ಮೇಲಿನ ಬ್ರಿಟಿಷರ ಕಾಲದ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಯಿತು. ಮಹಾರಾಷ್ಟ್ರದ ಎರಡು ಸರಕಾರಿ ಬಸ್ಸುಗಳು ನೀರು ಪಾಲಾದವು. ಹೊಸ ಸೇತುವೆಯನ್ನು 165 ದಿನಗಳಲ್ಲಿ ಕಟ್ಟಿದರು. ಮನಸ್ಸು ಮಾಡಿದರೆ ಅಷ್ಟು ಬೇಗ ಆಗುತ್ತದೆ. ಹಾಗಿದ್ದರೆ 84 ಕಿ.ಮೀ.ಗೆ ಇಷ್ಟು ವರ್ಷ ಯಾಕೆ ಎಂದು ಕೇಳುವ ಹಕ್ಕು ನಮಗಿದೆ. ನಮ್ಮ ಕಡೆಯೂ ಕಥೆ ಬೇರೆಯಲ್ಲ. ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಮುಗಿಯಲು ಸುಮಾರು ಹತ್ತು ವರ್ಷ ಬೇಕಾಯಿತು. 2020ರ ಜನವರಿ ಕೊನೆಗೆ ಅದು ತೆರೆಯಿತು.

ಮಳೆಗಾಲದಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಕೊಂಕಣದ ದಾರಿ, ಹುಬ್ಬಳ್ಳಿಯ ದಾರಿ ಎರಡೂ ಅಂಕೋಲಾದಲ್ಲಿ ಕೂಡುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಹೆದ್ದಾರಿ ಒಂದೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಸ್ತೆ ಬದಿಯ ಚಹಾ ಅಂಗಡಿ, ಲಾರಿ, ಟ್ಯಾಂಕರ್, ಜನ ಎಲ್ಲ ಮಣ್ಣು ಮತ್ತು ಗಂಗಾವಳಿ ನದಿಯ ಪಾಲಾದಾಗ ಎರಡೂ ದಾರಿಗಳ ಬಸ್ಸುಗಳಿಗೆ ಒಟ್ಟಿಗೇ ಪೆಟ್ಟು ಬಿತ್ತು. ಹೆದ್ದಾರಿ ಹಲವು ದಿನ ಬಂದ್ ಆಯಿತು. ಘಟ್ಟದ ಮೇಲಿಂದ ಬೇರೆ ರಸ್ತೆ ಹುಡುಕಿ ಇಳಿಯಬೇಕಾಯಿತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಹಳೆಯ ಕಾಳಿ ಸೇತುವೆಯೂ ಮುರಿದು ಬಿತ್ತು. ಅಗಲ ಮಾಡಲು ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದದ್ದೇ ಕುಸಿತಕ್ಕೆ ಕಾರಣ ಎಂಬ ಆರೋಪ ಶಿರೂರಿನ ನಂತರ ಜೋರಾಗಿ ಕೇಳಿಬಂತು. ಕರಾವಳಿಯಲ್ಲಿ ರಸ್ತೆ ಮಾಡುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ಅರ್ಧ ಗಂಟೆ ಉಳಿಸಲು ಗುಡ್ಡದ ಬುಡ ಕಡಿದರೆ ಆ ಅರ್ಧ ಗಂಟೆ ಯಾರಿಗೂ ಬೇಡ.

ಡೊಂಬಿವಲಿಯಿಂದ ಕುಂದಾಪುರಕ್ಕೆ

ಈಗ ಒಂದು ಮನೆಯಿಂದ ಇನ್ನೊಂದು ಮನೆಗೆ ಲೆಕ್ಕ ಹಾಕೋಣ. ಡೊಂಬಿವಲಿ ಪೂರ್ವದಲ್ಲಿ ಮನೆ, ಊರು ಕುಂದಾಪುರದ ಹತ್ತಿರ. ಹಳೆಯ ಏರ್‌ಪೋರ್ಟ್‌ನಿಂದ ಬೆಳಗ್ಗೆ 11 ಗಂಟೆಯ ವಿಮಾನ ಎಂದಿಟ್ಟುಕೊಳ್ಳಿ. ಬ್ಯಾಗ್ ಕೊಡುವ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಸೆಕ್ಯುರಿಟಿ ಸಾಲು ಎಷ್ಟು ಉದ್ದ ಇರುತ್ತದೋ ಹೇಳಲಾಗದು. ಆದ್ದರಿಂದ 9ಕ್ಕೆ ಅಲ್ಲಿರಬೇಕು. ಶಿಳ್‌ಫಾಟಾ ಜಾಮ್ ಅಥವಾ ಠಾಣೆಯ ಜಾಮ್, ಎರಡರಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಏಳೂವರೆಗೆ ಮನೆ ಬಿಡಬೇಕು. ಬಜ್ಪೆಯಲ್ಲಿ ಇಳಿಯುವಾಗ ಹನ್ನೆರಡೂವರೆ ದಾಟುತ್ತದೆ. ಬ್ಯಾಗ್ ಬಂದು ಹೊರಗೆ ಕಾಲಿಡುವಾಗ ಒಂದು ಗಂಟೆ. ಅಲ್ಲಿಂದ ಕುಂದಾಪುರಕ್ಕೆ ಸುಮಾರು 95 ಕಿ.ಮೀ. ಎರಡು ಗಂಟೆಯ ಮೇಲೆ ಬೇಕು. ಅಂಗಳಕ್ಕೆ ಕಾಲಿಡುವಾಗ ಮಧ್ಯಾಹ್ನ ಮೂರೂವರೆ.

ಒಟ್ಟು ಎಂಟು ಗಂಟೆ. ಅದರಲ್ಲಿ ಹಾರಾಡಿದ್ದು ಒಂದು ಗಂಟೆಯ ಮೇಲೆ ಸ್ವಲ್ಪ. ಉಳಿದದ್ದೆಲ್ಲ ಟ್ಯಾಕ್ಸಿ, ಸಾಲು, ಕುರ್ಚಿ.

ಇದೇ ವಿಮಾನದಲ್ಲಿ ಚೆಂಬೂರಿನಿಂದ ಬಂದು ಮಂಗಳೂರಿನ ಕದ್ರಿಗೆ ಹೋಗುವವರೂ ಇರುತ್ತಾರೆ. ಅವರಿಗೆ ಐದು ಗಂಟೆ, ಐದೂವರೆ ಗಂಟೆ ಸಾಕು. ದೂರ ಅದೇ, ಟಿಕೆಟ್ ಅದೇ, ಹೊತ್ತು ಮಾತ್ರ ಮೂರು ಗಂಟೆಯಷ್ಟು ಬೇರೆ.

ಬಸ್ಸಿನ ಲೆಕ್ಕ ಹೀಗೆ. ಮಧ್ಯಾಹ್ನ ಮೂರಕ್ಕೆ ಮನೆ ಬಿಟ್ಟು ಕಳಂಬೋಲಿಯಲ್ಲಿ ನಾಲ್ಕೂವರೆಗೆ ಸ್ಲೀಪರ್ ಹತ್ತಿದರೆ, ರಾತ್ರಿ ಊಟದ ನಿಲುಗಡೆ ಸೇರಿಸಿ ಮರುದಿನ ಬೆಳಗ್ಗೆ ಎಂಟರ ಹೊತ್ತಿಗೆ ಕುಂದಾಪುರ. ಒಟ್ಟು 17 ಗಂಟೆ. ಬಸ್ಸಿನ ಸರಾಸರಿ ವೇಗ ಗಂಟೆಗೆ 55 ಕಿ.ಮೀ. ಎಂದು ಹಿಡಿದ ಲೆಕ್ಕ ಇದು. ಗಡಿಯಾರ ನೋಡಿದರೆ ವಿಮಾನ ಒಂಬತ್ತು ಗಂಟೆ ಉಳಿಸಿತು. ಆದರೆ ಯಾವ ಗಂಟೆ? ವಿಮಾನ ಹಗಲನ್ನು ತಿಂದಿತು. ಬಸ್ಸು ಸಂಜೆಯನ್ನೂ ರಾತ್ರಿಯನ್ನೂ ತಿಂದಿತು. ಬಸ್ಸಿನಲ್ಲಿ ಹೋದವರ ಕೈಯಲ್ಲಿ ಮರುದಿನ ಪೂರ್ತಿ ಇರುತ್ತದೆ. ನಾಲ್ಕೇ ದಿನ ರಜೆ ಸಿಕ್ಕ ಹೊಟೇಲ್ ಕೆಲಸದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ವಾಪಸ್ ಬರುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳದ ಗಂಟನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕಿ ತರಬಹುದು. ವಿಮಾನದಲ್ಲಿ ಸಾಮಾನ್ಯ ಟಿಕೆಟ್‌ಗೆ 15 ಕಿಲೋ ದಾಟಿದರೆ ದುಡ್ಡು ಕೊಡಬೇಕು.

ಹಾಗೆಂದು ಎಲ್ಲರೂ ಬಸ್ ಹತ್ತಿ ಎನ್ನಲಾರೆ. ಮಂಡಿ ನೋವಿನ ಅಜ್ಜಿಯನ್ನು ಮೇಲಿನ ಬರ್ತ್‌ಗೆ ಹತ್ತಿಸಲು ಆಗುವುದಿಲ್ಲ. ಮಧ್ಯರಾತ್ರಿ ಶೌಚಾಲಯ ಬೇಕೆಂದರೆ ಹೆಂಗಸರು ಪಡುವ ಪಾಡು ಆ ದಾರಿಯಲ್ಲಿ ಹೋದವರಿಗೆಲ್ಲ ಗೊತ್ತು. ಊರಿನಿಂದ ಕೆಟ್ಟ ಸುದ್ದಿ ಬಂದಾಗ ಎಂಟು ಗಂಟೆಗೂ ಹದಿನೇಳು ಗಂಟೆಗೂ ಇರುವ ವ್ಯತ್ಯಾಸ ಅಂದರೆ ಕೊನೆಯ ಸಲ ಮುಖ ನೋಡಲು ಸಿಗುವುದು, ಸಿಗದಿರುವುದು. ಅಂಥ ಹೊತ್ತಿನಲ್ಲೇ ದರ ಕೈಗೆಟುಕದಷ್ಟು ಮೇಲಿರುತ್ತದೆ. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ವಿಮಾನಗಳು ಸಾವಿರಗಟ್ಟಲೆ ರದ್ದಾಗಿ ದರಗಳು ಗಗನಕ್ಕೇರಿದಾಗ ಕೇಂದ್ರ ಸರಕಾರ ತಾತ್ಕಾಲಿಕ ಮಿತಿ ಹಾಕಿತು. 500 ಕಿ.ಮೀ.ವರೆಗೆ 7,500 ರೂಪಾಯಿ, 500ರಿಂದ 1,000 ಕಿ.ಮೀ.ಗೆ 12,000 ರೂಪಾಯಿ, ತೆರಿಗೆ ಬೇರೆ. ನಮ್ಮ ಮಂಗಳೂರು ಎರಡನೆಯ ಸಾಲಿಗೆ ಬಂತು. ನಾಲ್ಕು ಜನರ ಕುಟುಂಬಕ್ಕೆ ಒಂದು ಕಡೆಗೆ 48,000 ರೂಪಾಯಿ. ಮಿತಿ ಎಂದರೂ ಅದು ಎಷ್ಟು ಮನೆಗಳಿಗೆ ಎಟುಕುತ್ತದೆ?

ಹೊಸ ಏರ್‌ಪೋರ್ಟ್ ಯಾರಿಗೆ ಹತ್ತಿರ?

ನವಿ ಮುಂಬೈ ಏರ್‌ಪೋರ್ಟ್ ಇರುವುದು ಉಲ್ವೆ, ಪನ್ವೇಲ್ ಕಡೆ. ಪನ್ವೇಲ್, ಖಾರ್ಘರ್, ನೆರೂಲ್, ವಾಶಿಯಲ್ಲಿರುವ ನಮ್ಮವರಿಗೆ ಇದು ನಿಜವಾದ ಅನುಕೂಲ. ಸಯನ್ ಆಚೆಯ ದಟ್ಟಣೆ ದಾಟಬೇಕಿಲ್ಲ. ಒಂದು ಗಂಟೆ ಉಳಿಯುತ್ತದೆ.

ಡೊಂಬಿವಲಿಗೆ ಅಷ್ಟು ಸುಲಭವಾಗಿ ಹೇಳಲಾಗದು. ಎರಡೂ ಏರ್‌ಪೋರ್ಟ್ ಹೆಚ್ಚುಕಡಿಮೆ ಅಷ್ಟೇ ದೂರ. ಯಾವುದಕ್ಕೆ ಹೋದರೂ ಶಿಳ್‌ಫಾಟಾದ ಚಿಂತೆ ತಪ್ಪುವುದಿಲ್ಲ. ಐರೋಳಿಯಿಂದ ಕಟಾಯಿ ನಾಕಾಕ್ಕೆ ಬರುವ ಹೊಸ ರಸ್ತೆ ಮತ್ತು ಅದರ ಸುರಂಗ ಪೂರ್ತಿಯಾದರೆ ಈ ಭಾಗಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಮಾಹಿಮ್, ದಾದರ್ ಕಡೆಯವರಿಗೆ ಹಳೆಯದೇ ಹತ್ತಿರ. 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೆ ಪೂರ್ತಿಯಾದ ಮೆಟ್ರೋ 3ಕ್ಕೆ ಟರ್ಮಿನಲ್ 1 ಮತ್ತು 2 ಎರಡರಲ್ಲೂ ನಿಲ್ದಾಣ ಇದೆ. ರಸ್ತೆ ಜಾಮ್‌ನ ಗೊಡವೆಯೇ ಇಲ್ಲ. ಪರಳ್, ಶಿವಡಿ ಕಡೆಯವರು 2024ರ ಜನವರಿಯಲ್ಲಿ ತೆರೆದ 21.8 ಕಿ.ಮೀ. ಉದ್ದದ ಅಟಲ್ ಸೇತು ಹಿಡಿದು ಹೊಸ ಏರ್‌ಪೋರ್ಟ್‌ಗೆ ಬೇಗ ಹೋಗಬಹುದು. ಆದರೆ ಟೋಲ್ ಇದೆ, ರಿಕ್ಷಾ ಮತ್ತು ಬೈಕ್‌ಗೆ ಬಿಡುವುದಿಲ್ಲ. ಬೊರಿವಲಿ, ಮೀರಾ ರೋಡ್‌ನವರಿಗೆ ನವಿ ಮುಂಬೈ ಟಿಕೆಟ್ ನೂರಿನ್ನೂರು ರೂಪಾಯಿ ಅಗ್ಗ ಎಂದು ಮಾಡಿದರೆ ಟ್ಯಾಕ್ಸಿಯಲ್ಲೇ ಅದರ ಹಲವು ಪಟ್ಟು ಹೋಗುತ್ತದೆ.

ಟಿಕೆಟ್ ಮಾಡುವಾಗ ನಿಲ್ದಾಣದ ಸಂಕೇತ ನೋಡಿ. ಹಳೆಯದಕ್ಕೆ ಬಿಓಎಂ, ಹೊಸದಕ್ಕೆ ಎನ್‌ಎಂಐ. ಎರಡಕ್ಕೂ ಹುಡುಕಾಟದಲ್ಲಿ ಮುಂಬೈ ಎಂದೇ ಬರಬಹುದು. ಹೊರಡುವ ದಿನ ತಪ್ಪು ನಿಲ್ದಾಣಕ್ಕೆ ಹೋದರೆ ನಡುವಿನ 35–40 ಕಿ.ಮೀ. ದಾಟುವಷ್ಟರಲ್ಲಿ ವಿಮಾನ ಹೋಗಿರುತ್ತದೆ.

ಬಜ್ಪೆಯ ಕಡೆ ನನಗೆ ಹೆಚ್ಚು ಬೇಸರ. ಅಲ್ಲಿ 1951ರಿಂದ ವಿಮಾನ ಇಳಿಯುತ್ತಿದೆ. ಗುಡ್ಡದ ತಲೆಯ ಮೇಲಿನ ಟೇಬಲ್‌ಟಾಪ್ ರನ್‌ವೇ. ಜೋರು ಮಳೆಯಲ್ಲಿ, ಮೋಡ ಕವಿದಾಗ ಇಳಿಯಲಾಗದೆ ವಿಮಾನಗಳು ಬೆಂಗಳೂರಿಗೋ ಕೊಚ್ಚಿಗೋ ಹೋಗುವುದುಂಟು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಇಳಿದ ಮೇಲಿನ ದಾರಿ ನಮ್ಮ ಕೈಯಲ್ಲೇ ಇದೆ. ಮುಂಬೈ ವಿಮಾನದಿಂದ ಇಳಿಯುವವರಲ್ಲಿ ಉಡುಪಿ, ಕುಂದಾಪುರ, ಕಾರ್ಕಳ, ಬೈಂದೂರಿನವರು ಎಷ್ಟೊಂದು ಜನ. ಉಡುಪಿಗೇ ಸುಮಾರು 60 ಕಿ.ಮೀ. ಇದೆ. ಮುಂಬೈ ವಿಮಾನಗಳ ಹೊತ್ತಿಗೆ ಸರಿಹೊಂದುವ ಹಾಗೆ ಉಡುಪಿ, ಕುಂದಾಪುರಕ್ಕೆ ನಂಬಿಕೆಯ ಬಸ್ ಓಡಿಸಿದರೆ, ವಿಮಾನ ತಡವಾದರೂ ಆ ಬಸ್ ಅರ್ಧ ಗಂಟೆ ಕಾದರೆ, ಒಬ್ಬೊಬ್ಬರೇ ದುಬಾರಿ ಟ್ಯಾಕ್ಸಿ ಮಾಡುವುದು ತಪ್ಪುತ್ತದೆ. ಇದಕ್ಕೆ ಸಾವಿರಾರು ಕೋಟಿ ಬೇಡ. ರಾಜ್ಯ ಸರಕಾರ ಮನಸ್ಸು ಮಾಡಿದರೆ ಸಾಕು.

ಬಸ್ಸು, ವಿಮಾನ ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ, ರೈಲು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಾವಳಿಯವರ ಬದುಕಿನ ಭಾಗವೇ ಆಯಿತು. ಮಧ್ಯಾಹ್ನ ಕುರ್ಲಾ ಟರ್ಮಿನಸ್‌ನಲ್ಲಿ ಹತ್ತಿದರೆ ಸುಮಾರು 16 ಗಂಟೆಯಲ್ಲಿ ಮಂಗಳೂರು. ಠಾಣೆ, ಪನ್ವೇಲ್‌ನಲ್ಲೂ ಹತ್ತಬಹುದು, ಕುಂದಾಪುರದಲ್ಲೇ ಇಳಿಯಬಹುದು. ಎರಡೂ ತುದಿಯ ಟ್ಯಾಕ್ಸಿ ಖರ್ಚು ಬಹಳಷ್ಟು ಉಳಿಯಿತು. ಕಷ್ಟ ಇರುವುದು ಸೀಟು ಸಿಗುವುದರಲ್ಲಿ. 2024ರ ನವೆಂಬರ್‌ನಿಂದ ಟಿಕೆಟ್ 60 ದಿನ ಮೊದಲು ಮಾತ್ರ ತೆರೆಯುತ್ತದೆ. ಚೌತಿಯ ದಿನಗಳಿಗೆ ಕಣ್ಣು ಮಿಟುಕಿಸುವುದರೊಳಗೆ ವೇಟಿಂಗ್ ಲಿಸ್ಟ್.

ಇಲ್ಲಿ ಹೊಸ ಹಳಿ ಹಾಕದೆಯೇ ಮಾಡಬಹುದಾದ ಒಂದು ಕೆಲಸ ಇದೆ. ಮುಂಬೈಯಿಂದ ಮಡಗಾಂವ್‌ಗೆ 2023ರ ಜೂನ್‌ನಿಂದ ವಂದೇ ಭಾರತ್ ಓಡುತ್ತಿದೆ, ಮಳೆಗಾಲ ಬಿಟ್ಟರೆ ಎಂಟು ಗಂಟೆಯೊಳಗೆ ತಲುಪುತ್ತದೆ. ಮಂಗಳೂರಿನಿಂದ ಮಡಗಾಂವ್‌ಗೆ ಅದೇ ವರ್ಷದ ಡಿಸೆಂಬರ್ 30ರಂದು ಇನ್ನೊಂದು ವಂದೇ ಭಾರತ್ ಶುರುವಾಯಿತು, ಅದಕ್ಕೆ ಐದು ಗಂಟೆಯೂ ಬೇಡ. ಎರಡನ್ನೂ ಒಂದೇ ರೈಲಾಗಿ ಓಡಿಸಿದರೆ ಬೆಳಗ್ಗೆ ಮುಂಬೈ ಬಿಟ್ಟವರು ಸಂಜೆಯೊಳಗೆ ಮಂಗಳೂರಿನಲ್ಲಿರುತ್ತಾರೆ. ಸುಮಾರು 13 ಗಂಟೆಯ ದಾರಿ, ಉಡುಪಿಗೆ ಇನ್ನೂ ಬೇಗ. ಎರಡನ್ನೂ ಸೇರಿಸಿ ಎಂಬ ಬೇಡಿಕೆ ಈಗಾಗಲೇ ಇದೆ. ಮುಂಬೈಯ ನಮ್ಮ ಸಂಘಗಳು ಊರಿನ ಸಂಸದರ ಬಳಿಗೂ ಇಲ್ಲಿಯ ಸಂಸದರ ಬಳಿಗೂ ಇದನ್ನು ಒಟ್ಟಿಗೆ ಒಯ್ಯಬೇಕು. ಎರಡೂ ರಾಜ್ಯಗಳ ಪ್ರಯಾಣಿಕರಿಗೆ ಬೇಕಾದ ರೈಲು ಇದು, ಕೇಳುವವರೂ ಎರಡೂ ಕಡೆಯಿಂದ ಕೇಳಬೇಕು.